ಚಂದಣ್ಣ ಇಟ್ಟ ಹೆಸರು

ಮದರಾಸಿನ ಟಿ. ನಗರದ ಬಸ್ ಸ್ಟ್ಯಾಂಡಿನಿಂದ ಎರಡು ಬೀದಿ ಈಚೆಗಿರುವ ಆ ಹೋಟೆಲಿಗೆ ನೀವು ನಾಲ್ಕು ಸಲ ಹೋದರೆ ಸಾಕು, ಐದನೆಯ ಸಲಕ್ಕೆ ನಿಮಗೊಂದು ಹೆಸರು ಬಿದ್ದಿರುತ್ತದೆ. ಇಡುವವನು ಚಂದಣ್ಣ. ಅಪ್ಪ ಅಮ್ಮ ಪಂಚಾಂಗ ನೋಡಿ, ಜೋಯಿಸರನ್ನು ಕೇಳಿ ಇಟ್ಟ ಹೆಸರು ಏನೇ ಇರಲಿ, ಅದು ಬಾಗಿಲ ಹೊರಗೆ. ಒಳಗೆ ಬಂದ ಮೇಲೆ ನೀವು ಏನು ತಿನ್ನುತ್ತೀರೋ ಅದೇ ನೀವು. ಪೊಂಗಲಿಗೆ ತುಪ್ಪ ಸಾಲದು ಎಂದು ದಿನಾ ಬೆಳಿಗ್ಗೆ ತಕರಾರು ತೆಗೆಯುವ ನಿವೃತ್ತ ಜಡ್ಜ್ ಸಾಹೇಬರು ‘ತುಪ್ಪದ ಪೊಂಗಲ್’. ಒಂದು ಇಡ್ಲಿಗೆ ಮೂರು ಸಲ ಸಾಂಬಾರು ಹಾಕಿಸಿಕೊಳ್ಳುವ ಬ್ಯಾಂಕಿನ ಮೇಡಂ ‘ಮುಳುಗು ಇಡ್ಲಿ’. ದೋಸೆಯನ್ನು ಹಪ್ಪಳದಷ್ಟು ಗರಿಗರಿಯಾಗಿಸದೆ ಕೈ ಹಚ್ಚದ ಸೀರೆ ಅಂಗಡಿಯ ಮ್ಯಾನೇಜರು ‘ಮುರುಗಲ್’, ತಮಿಳಿನಲ್ಲಿ ಗರಿಗರಿ ಎಂದು.

ಇದು ಬರೀ ತಮಾಷೆಯೆಂದು ತಿಳಿಯಬೇಡಿ, ಕೆಲಸದ ಉಪಾಯವೂ ಹೌದು. ಮೂವತ್ತನಾಲ್ಕು ಟೇಬಲ್ಲಿನ ಹಾಲ್‌ನಲ್ಲಿ, ಆರು ತಿಂಗಳಿಗೊಮ್ಮೆ ಬದಲಾಗುವ ಸಪ್ಲೈಯರುಗಳ ನಡುವೆ, ‘ಏಳನೇ ಟೇಬಲ್ಲಿಗೆ ಒಂದು ದೋಸೆ’ ಎಂದರೆ ಕಾವಲಿಯ ಮುಂದೆ ನಿಂತವನಿಗೆ ಏನೂ ಗೊತ್ತಾಗುವುದಿಲ್ಲ. ‘ಮುರುಗಲ್ ಬಂದ್ರು’ ಎಂದರೆ ಎಲ್ಲವೂ ಗೊತ್ತಾಗುತ್ತದೆ. ಗಿರಾಕಿಗಳಿಗೂ ಒಳಗೊಳಗೇ ಖುಷಿ. ಜಡ್ಜ್ ಸಾಹೇಬರಂತೂ ಒಂದು ದಿನ ಹೊಸ ಸಪ್ಲೈಯರೊಬ್ಬ ತಮ್ಮನ್ನು ಬರೀ ‘ಸಾರ್’ ಎಂದದ್ದಕ್ಕೆ ಮುಖ ಸಣ್ಣದು ಮಾಡಿಕೊಂಡಿದ್ದರು.

ಚಂದಣ್ಣ ಉಡುಪಿಯ ಕಡೆಯ ಹಳ್ಳಿಯಿಂದ ಮದರಾಸಿಗೆ ಬಂದದ್ದು ಹದಿನಾಲ್ಕನೇ ವರ್ಷದಲ್ಲಿ, ಎಲೆ ಎತ್ತುವ ಕೆಲಸಕ್ಕೆ. ಈಗ ಅರವತ್ತೊಂದು. ಸಪ್ಲೈಯರ್ ಆಗಿ, ಈಗ ಸೂಪರ್‌ವೈಸರ್ ಎಂಬ ಬಿಳಿ ಅಂಗಿ ಹಾಕಿಕೊಂಡಿದ್ದಾನೆ. ಜೇಬಿನಲ್ಲಿ ಎರಡು ಪೆನ್ನು ಇರುತ್ತವೆ. ಬರೆಯುವುದು ಏನೂ ಇಲ್ಲ. ಮೀಸೆಗೆ ಮಾತ್ರ ಬಣ್ಣ ಹಚ್ಚಿ ತಲೆಯನ್ನು ಹಾಗೇ ಬಿಟ್ಟಿರುವುದರಿಂದ ಮುಖ ಮೇಲೆ ಅಜ್ಜ, ಕೆಳಗೆ ಮದುಮಗ. ಮಾತು ಶುರುವಾದರೆ ನಿಲ್ಲುವುದಿಲ್ಲ. ಯಾರನ್ನೂ ಹಸಿದು ಕಳಿಸುವುದಿಲ್ಲ. ಇಂಥವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟ, ಅದೇ ಈ ಕಥೆಯ ತೊಂದರೆ.

ಅವನು ಇಟ್ಟ ಹೆಸರುಗಳಲ್ಲೆಲ್ಲ ಊರುಕೇರಿ ದಾಟಿ ಹೋದದ್ದು ಒಂದೇ: ಡಿಕಾಕ್ಷನ್.

ಹೋಟೆಲಿನ ಹಳೆಯ ಧನಿಗೆ ಕ್ರಿಕೆಟ್ಟಿನ ಹುಚ್ಚು. ಹತ್ತಿರದ ಕ್ಲಬ್ ಮೈದಾನದಲ್ಲಿ ಅಭ್ಯಾಸ ಮಾಡುವ ಹುಡುಗರಿಗೆ ಪ್ರತಿ ಭಾನುವಾರ ಹೋಟೆಲಿನಿಂದ ತಿಂಡಿ ಹೋಗಬೇಕೆಂದು ಕಟ್ಟು ಮಾಡಿದ್ದರು. ಆಟೋದಲ್ಲಿ ಡಬರಿ, ಕಾಫಿ ಕ್ಯಾನು ತುಂಬಿಕೊಂಡು ಹೋಗುತ್ತಿದ್ದವನು ಚಂದಣ್ಣ. ಕ್ರಿಕೆಟ್ಟು ಅವನಿಗೆ ಅಷ್ಟಕ್ಕಷ್ಟೆ. ಕಡ್ಡಿ ಬಿದ್ದರೆ ಔಟ್ ಎಂಬಷ್ಟು ಗೊತ್ತು. ಹನ್ನೆರಡು ವರ್ಷದ ಹಿಂದೆ ಅಲ್ಲಿಗೆ ಊರಿನ ಉತ್ತರ ತುದಿಯ ಮಣಲಿಯಿಂದ ಹದಿನೈದರ ಹುಡುಗನೊಬ್ಬ ಬರತೊಡಗಿದ. ಅಪ್ಪ ರಿಫೈನರಿಯಲ್ಲಿ ಕಂಟ್ರಾಕ್ಟ್ ಕೂಲಿ, ಕಾಲಲ್ಲಿ ಇನ್ಯಾರದೋ ದೊಡ್ಡ ಶೂ, ಆದರೆ ಅವನು ಎಸೆದ ಚೆಂಡಿಗೆ ಕಡ್ಡಿಗಳು ಹಾರಿ ಹಿಂದಿನ ಬಲೆಗೆ ಬಡಿಯುತ್ತಿದ್ದವು. ಬಿಸಿಲಲ್ಲಿ ಬೆಳೆದ ಕಡುಕಪ್ಪು ಹುಡುಗ. ಒಂದು ದಿನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದವನನ್ನು ನೋಡಿ ಚಂದಣ್ಣ, “ಓಹೋ, ಬಂದ ನೋಡಪ್ಪ ನಮ್ಮ ಡಿಕಾಕ್ಷನ್, ಹಾಲೇ ಹಾಕದ್ದು!” ಎಂದ. ಸಾಲಿಗೆ ಸಾಲೇ ನಕ್ಕಿತು. ಹುಡುಗನೂ ನಕ್ಕ. ಚಂದಣ್ಣ ಅವನ ತಟ್ಟೆಗೆ ಒಂದು ವಡೆ ಹೆಚ್ಚಿಗೆ ಹಾಕಿದ.

ಹುಡುಗ ಬೆಳೆದ. ಹೆಸರೂ ಅವನ ಜೊತೆ ಬೆಳೆಯಿತು. ಮೊದಲು ತಂಡದವರು ಕರೆದರು, ಆಮೇಲೆ ಪೇಪರಿನವರು ಬರೆದರು, ಆಮೇಲೆ ಕಾಮೆಂಟರಿಯವರು ಕೂಗಿದರು. ಅವನು ವಿಕೆಟ್ ಕಿತ್ತರೆ ಸ್ಟೇಡಿಯಮ್ಮಿನ ಜನ ಎದ್ದು ನಿಂತು, ಒಂದು ಕೈ ಮೇಲೆ ಒಂದು ಕೈ ಕೆಳಗೆ ಹಿಡಿದು ಕಾಫಿ ಎತ್ತಿ ಹೊಯ್ಯುವ ಹಾಗೆ ಅಭಿನಯಿಸುತ್ತ ‘ಡಿ-ಕಾಕ್-ಷನ್’ ಎಂದು ಒಕ್ಕೊರಲಿನಿಂದ ಕೂಗುವುದು ವಾಡಿಕೆಯಾಯಿತು. ಇಪ್ಪತ್ತೆರಡಕ್ಕೆ ಅವನು ದೇಶದ ತಂಡ ಸೇರಿದ. ಹೋಟೆಲಿನ ಗಲ್ಲಾದ ಮೇಲೆ ಚಂದಣ್ಣ ಅವನ ಹೆಗಲಿಗೆ ಕೈಹಾಕಿದ ಫೋಟೋ ಬಂತು. ಹಳೆಯ ಧನಿಯ ಮಗ ಶ್ರೀಶ, ಈಗ ಹೋಟೆಲು ನಡೆಸುವವನು, ‘ಡಿಕಾಕ್ಷನ್ ಸ್ಪೆಷಲ್ ಕಾಫಿ’ ಎಂದು ಬೋರ್ಡು ಹಾಕಿಸಿದ. ಹೊಸ ಗಿರಾಕಿ ಬಂದರೆ ಸಾಕು, ಚಂದಣ್ಣ ನೀರಿನ ಲೋಟ ಇಡುವ ಮೊದಲೇ ಕಥೆ ಶುರು. “ಆ ಹೆಸರು ಇಟ್ಟವ ನಾನೇ ಸಾರ್. ಫಸ್ಟ್ ಡಿಕಾಕ್ಷನ್ ಹೇಗಿರ್ತದೆ? ಸ್ಟ್ರಾಂಗು! ಹಾಗೆ ಇವನ ಬಾಲು ಸ್ಟ್ರಾಂಗು. ಅದಕ್ಕೆ ಇಟ್ಟದ್ದು.” ಹಾಲು ಹಾಕದ್ದು ಎಂಬ ಮಾತು ಕಥೆಯಿಂದ ಯಾವಾಗ ಬಿದ್ದುಹೋಯಿತೋ ಅವನಿಗೇ ತಿಳಿಯದು. ಹೇಳುವವನೂ ಅವನೇ, ನಂಬಿದವನೂ ಅವನೇ.

ಹೀಗಿರುವಾಗ ಹೋದ ವರ್ಷ ತಂಡ ಪರದೇಶಕ್ಕೆ ಆಡಲು ಹೋದಾಗ, ಬೌಂಡರಿಯ ಬಳಿ ನಿಂತಿದ್ದ ನಮ್ಮ ಆಟಗಾರರ ಮೈಬಣ್ಣವನ್ನು ಹಿಡಿದು ಅಲ್ಲಿಯ ನಾಲ್ಕಾರು ಪ್ರೇಕ್ಷಕರು ಹೊಲಸು ಮಾತಾಡಿದರು. ಆಟ ನಿಂತಿತು. ಪೊಲೀಸರು ಬಂದು ಅವರನ್ನು ಎಬ್ಬಿಸಿ ಹೊರಗೆ ಹಾಕಿದರು. ಇಲ್ಲಿ ಊರಿಗೆ ಊರೇ ಸಿಡಿದೆದ್ದಿತು. ಆಟಗಾರರು, ಸಿನಿಮಾದವರು, ಒಬ್ಬೊಬ್ಬರೂ ಖಂಡಿಸಿದರು. ಹೋಟೆಲಿನಲ್ಲಿ ಚಂದಣ್ಣನೂ ಟೇಬಲ್ ಟೇಬಲ್ಲಿಗೆ ಹೋಗಿ ಖಂಡಿಸಿದ. “ಮನುಷ್ಯರಾ ಅವರು? ಬಣ್ಣ ನೋಡಿ ಮಾತಾಡೋದಾ?”

ಮರುದಿನ ಮಧ್ಯಾಹ್ನ, ಊಟದ ಹೊತ್ತಿನ ಗದ್ದಲದಲ್ಲಿ, ಹಾಲ್‌ನ ಟಿವಿಯಲ್ಲಿ ಆ ಹುಡುಗನ ಪತ್ರಿಕಾಗೋಷ್ಠಿ ಬಂತು. ಚಂದಣ್ಣ ಹೆಮ್ಮೆಯಿಂದ ರಿಮೋಟು ಹಿಡಿದು ಸದ್ದು ಜೋರು ಮಾಡಿದ.

“ಅಲ್ಲಿ ಕೂಗಿದವರು ಯಾರೋ, ನನಗೆ ಪರಿಚಯ ಇಲ್ಲ” ಎಂದ ಹುಡುಗ. “ಆದರೆ ನನ್ನ ಊರಲ್ಲೂ ನನ್ನ ಬಣ್ಣ ನೋಡಿ ಇಟ್ಟ ಹೆಸರೊಂದಿದೆ. ಹನ್ನೊಂದು ವರ್ಷದಿಂದ ಅದನ್ನು ಕೂಗುತ್ತಿದ್ದಾರೆ. ಹನ್ನೊಂದು ವರ್ಷದಿಂದ ನಾನು ನಗುತ್ತಿದ್ದೇನೆ. ಪರದೇಶದವರಿಗೆ ಬೇಡ ಎಂದು ಹೇಳಿ ನಮ್ಮವರಿಗೆ ಹೇಳದಿದ್ದರೆ ನಾನು ಸುಳ್ಳುಗಾರ ಆಗ್ತೇನೆ. ಆ ಹೆಸರು ನನಗೆ ಬೇಡ. ನನ್ನ ಹೆಸರು ಕದಿರವನ್.”

ಅದನ್ನು ಇಟ್ಟವರು ಯಾರು ಎಂದು ಪತ್ರಕರ್ತನೊಬ್ಬ ಕೇಳಿದ. ಕದಿರವನ್, “ಅದು ಬೇಡ” ಎಂದ.

ಹೇಳಬೇಕಾದ ಅಗತ್ಯವೇ ಇರಲಿಲ್ಲ. ಹಾಲ್‌ನಲ್ಲಿ ತಿನ್ನುತ್ತಿದ್ದ ನೂರು ಜನ ಕೈ ನಿಲ್ಲಿಸಿ ಚಂದಣ್ಣನ ಕಡೆ ನೋಡಿದರು. ವರ್ಷಗಟ್ಟಲೆ ಅವನೇ ಡಂಗುರ ಸಾರಿದ್ದನಲ್ಲ. ರಿಮೋಟಿನಲ್ಲಿ ಸದ್ದು ಕಡಿಮೆ ಮಾಡುವ ಗುಂಡಿ ಯಾವುದೆಂದು ಅವನಿಗೆ ಸಿಗಲಿಲ್ಲ.

ಮೊದಲು ಬಂದದ್ದು ಸಿಟ್ಟೇ. ಎಷ್ಟು ತಿನ್ನಿಸಿದ್ದೆ! ಸೊಂಟದ ಗಾಯವಾಗಿ ಒಂದು ವರ್ಷ ಆಟವಿಲ್ಲದೆ ಕೂತಿದ್ದಾಗ ಪ್ರತಿವಾರ ಫೋನ್ ಮಾಡಿದ್ದು ಯಾರು? ಹೀಗೆಲ್ಲ ಒಳಗೇ ಕುದಿಯುತ್ತಿದ್ದಾಗ ಶ್ರೀಶ ಗಲ್ಲಾದಿಂದ ಎದ್ದು ಬಂದ. ಟಿವಿ ಚಾನೆಲ್ಲಿನವರು ಫೋನ್ ಮಾಡಿದ್ದರು. ಐದು ಗಂಟೆಗೆ ಬರುತ್ತಾರಂತೆ, ಚಂದಣ್ಣನ ಮಾತು ಬೇಕಂತೆ.

“ಪ್ರೀತಿಯಿಂದ ಇಟ್ಟದ್ದು ಅಂತ ಒಂದು ಮಾತು ಹೇಳಿಬಿಡಿ ಚಂದಣ್ಣ, ಅಲ್ಲಿಗೆ ಮುಗೀತು” ಎಂದ ಶ್ರೀಶ. “ಇಲ್ಲದಿದ್ರೆ ನಾಳೆ ಹೋಟೆಲ್ ಮೇಲೆ ಬರ್ತದೆ.”

“ಹೇಳದೇ ಉಂಟಾ ಧನಿ? ಸತ್ಯ ಹೇಳ್ಲಿಕ್ಕೆ ನನಗೆಂತ ಹೆದರಿಕೆ?” ಎಂದ ಚಂದಣ್ಣ.

ಮಧ್ಯಾಹ್ನದ ಬಿಡುವಿಗೆ ಅವನು ವೆಸ್ಟ್ ಮಾಂಬಲದ ಮನೆಗೆ ಹೋದ. ಹೆಂಡತಿ ಬೇಬಿ ಟಿವಿ ನೋಡಿ ಎಲ್ಲ ತಿಳಿದುಕೊಂಡಿದ್ದಳು. ಆದರೂ ಏನೂ ಕೇಳದೆ ತಟ್ಟೆ ಇಟ್ಟಳು. ಚಂದಣ್ಣ ಅನ್ನ ಕಲಸುತ್ತ ಸಂಜೆ ಹೇಳಬೇಕಾದದ್ದನ್ನು ಅವಳ ಮುಂದೆ ಒಪ್ಪಿಸತೊಡಗಿದ.

“ನೀನೇ ಹೇಳು ಬೇಬಿ, ನಾನು ಯಾರಿಗೆ ಹೆಸರಿಟ್ಟಿಲ್ಲ? ಜಡ್ಜಿಗೇ ಇಟ್ಟಿದ್ದೇನೆ! ಯಾರು ಎಂತ ತಿಂತಾರೋ ಅದು ಅವರ ಹೆಸರು. ಅದರಲ್ಲಿ ಬಣ್ಣ ಎಲ್ಲಿ ಬಂತು, ಜಾತಿ ಎಲ್ಲಿ ಬಂತು? ಟಿವಿಯವರಿಗೂ ಅದನ್ನೇ ಹೇಳ್ತೇನೆ.”

“ಹಾಗಾದ್ರೆ ಆ ಹುಡುಗ ಅಷ್ಟು ಕಾಫಿ ಕುಡೀತಿದ್ನಾ?” ಎಂದು ಕೇಳಿದಳು ಬೇಬಿ. ಕೆಣಕಲಿಕ್ಕೆ ಕೇಳಿದ್ದಲ್ಲ, ಅವಳಿಗೆ ನಿಜಕ್ಕೂ ಮರುಕ. “ಓಡುವ ಆಡುವ ಮಕ್ಕಳು ಅಷ್ಟೆಲ್ಲ ಕುಡೀಬಾರ್ದು. ನೀವಾದ್ರೂ ಬೇಡ ಅನ್ಬಾರ್ದಿತ್ತಾ?”

“ಕಾಫಿಯಾ? ಅವ ಕಾಫಿ ಮುಟ್ಟಿದವನೇ ಅಲ್ಲ ಮಾರಾಯ್ತಿ. ಅವನದ್ದು ಮೊಸರುವಡೆ. ಬಂದ ದಿನದಿಂದ ಮೊಸರುವಡೆಯೇ. ಎರಡು ಹಾಕಿದ್ರೆ…”

ಮಾತು ಅಲ್ಲಿಗೇ ನಿಂತಿತು. ಕಲಸುತ್ತಿದ್ದ ಕೈಯೂ ನಿಂತಿತು. ನಲವತ್ತು ವರ್ಷದಲ್ಲಿ ಇಟ್ಟ ನೂರಾರು ಹೆಸರುಗಳು ಅವನ ತಲೆಯೊಳಗೆ ಸಾಲಾಗಿ ಬಂದವು. ಪೊಂಗಲಿನವರು ಪೊಂಗಲ್ ತಿಂದವರೇ, ಪೂರಿಯವರು ಪೂರಿ ತಿಂದವರೇ. ಅಷ್ಟು ಜನರಲ್ಲಿ ಒಬ್ಬನಿಗೆ ಮಾತ್ರ ಅವನು ತಟ್ಟೆ ನೋಡದೆ ಮುಖ ನೋಡಿ ಹೆಸರಿಟ್ಟಿದ್ದ.

ಬೇಬಿ ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು: “ನಿಮ್ಮಮ್ಮ ನನ್ನನ್ನು ನೋಡ್ಲಿಕ್ಕೆ ಬಂದಾಗ, ಹುಡುಗಿ ಕತ್ತಲೆಯಲ್ಲಿ ಸಿಗುವವಳಲ್ಲ, ಕೈಗೆ ಗಂಟೆ ಕಟ್ಟಬೇಕು ಅಂದಿದ್ರು. ಎಲ್ಲ ನಕ್ಕಿದ್ರು. ನಾನೂ ನಕ್ಕಿದ್ದೆ. ಮೂವತ್ತಾರು ವರ್ಷ ಆಯ್ತು, ಮರ್ತಿಲ್ಲ ನೋಡಿ.”

“ನೀನು ಒಂದು ದಿನವೂ ಹೇಳ್ಲಿಲ್ಲ.”

“ಒಳ್ಳೆಯವರೇ ಅಲ್ವಾ ಅವರು. ನನ್ನ ಬಾಣಂತನ ಮಾಡಿದ್ರು. ಹೇಗೆ ಹೇಳುದು?” ಎಂದು ಬೇಬಿ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಚಂದಣ್ಣ ಊಟ ಮುಗಿಸಿದನೋ ಬಿಟ್ಟನೋ ಅವನಿಗೇ ನೆನಪಿಲ್ಲ.

ಐದು ಗಂಟೆಗೆ ಕ್ಯಾಮೆರಾ ಬಂತು. ನವ್ಯಾ ಎಂಬ ವರದಿಗಾರ್ತಿ, ಮಗಳ ವಯಸ್ಸಿನವಳು, ಬಹಳ ಮರ್ಯಾದೆಯಿಂದ ಮಾತಾಡಿಸಿದಳು. ಫೋಟೋ ಕಾಣುವ ಹಾಗೆ ಚಂದಣ್ಣನನ್ನು ಗಲ್ಲಾದ ಪಕ್ಕ ನಿಲ್ಲಿಸಿದರು. ಶ್ರೀಶ ಹಿಂದಿನಿಂದ ಹೆಬ್ಬೆರಳು ಎತ್ತಿ ಧೈರ್ಯ ತುಂಬಿದ.

“ಅಯ್ಯಾ, ನೀವು ಪ್ರೀತಿಯಿಂದಲೇ ಅಲ್ಲವಾ ಆ ಹೆಸರಿಟ್ಟದ್ದು?” ಎಂದು ತಮಿಳಿನಲ್ಲಿ ಕೇಳಿದಳು ನವ್ಯಾ.

“ಪ್ರೀತಿ ಇತ್ತಮ್ಮಾ, ಬಹಳ ಪ್ರೀತಿ ಇತ್ತು” ಎಂದ ಚಂದಣ್ಣ. “ಆದರೆ ಕೇಳು. ನಾನು ಹೆಸರಿಡುವುದು ತಿಂಡಿ ನೋಡಿ. ಅವನು ತಿನ್ನುತ್ತಿದ್ದದ್ದು ಮೊಸರುವಡೆ. ನಾನು ಇಟ್ಟದ್ದು ಬಣ್ಣ ನೋಡಿ. ಬಾಲು ಸ್ಟ್ರಾಂಗು ಅಂತೆಲ್ಲ ಆಮೇಲೆ ನಾನೇ ಕಟ್ಟಿದ ಕಥೆ. ಪ್ರೀತಿ ಇದ್ದದ್ದು ನಿಜ, ತಪ್ಪು ಮಾಡಿದ್ದೂ ನಿಜ. ನನ್ನ ಪ್ರೀತಿಯನ್ನು ಹಿಡಿದುಕೊಂಡು ನೀವು ಆ ಹುಡುಗನಿಗೆ ಹೊಡೀಬೇಡಿ. ಅವನು ಹೇಳಿದ್ದು ಸರಿ.”

ಶ್ರೀಶನ ಹೆಬ್ಬೆರಳು ಕೆಳಗಿಳಿಯಿತು. ಚಂದಣ್ಣ ನಿಲ್ಲಿಸಲಿಲ್ಲ, ನಿಲ್ಲಿಸುವ ಅಭ್ಯಾಸವೂ ಅವನಿಗಿಲ್ಲ. ಹದಿನೈದು ನಿಮಿಷ ಮಾತಾಡಿದ. ಬೇಬಿಯ ಗಂಟೆಯ ಕಥೆಯನ್ನೂ ಹೇಳಿದ, ಕಣ್ಣೊರೆಸಿಕೊಂಡ, ಕ್ಯಾಮೆರಾದವನಿಗೆ ಒಂದು ಕಾಫಿ ಕೊಡಿಸಿದ.

ಎಂಟು ಗಂಟೆಯ ಸುದ್ದಿಗೆ ಇಡೀ ಹೋಟೆಲು ಟಿವಿಯ ಮುಂದೆ ನಿಂತಿತು. ಚಂದಣ್ಣ ಬಂದ. “ಪ್ರೀತಿ ಇತ್ತಮ್ಮಾ, ಬಹಳ ಪ್ರೀತಿ ಇತ್ತು” ಎಂದ. ಕಣ್ಣೊರೆಸಿಕೊಂಡ. ಅಷ್ಟೇ. ಒಂಬತ್ತು ಸೆಕೆಂಡು. ಕೆಳಗೆ ಕೆಂಪು ಪಟ್ಟಿಯಲ್ಲಿ ದೊಡ್ಡ ಅಕ್ಷರ: ‘ಅನ್ನ ಹಾಕಿದ ಕೈಯ ಕಣ್ಣೀರು. ಪ್ರೀತಿಯ ಹೆಸರಿಗೆ ಇಷ್ಟು ಕೋಪವೇ?’

ಆ ಕೆಂಪು ಪಟ್ಟಿ ಬರೆದ ಮಹಾನುಭಾವನಿಗೆ ಹೋಟೆಲಿನ ಕಡೆಯಿಂದ ಒಂದು ಹೆಸರು ಇಟ್ಟರೆ ತಪ್ಪಿಲ್ಲ, ಆದರೆ ಅದನ್ನು ಇಲ್ಲಿ ಬರೆಯಲಾಗದು.

ಒಂದೇ ದಿನದಲ್ಲಿ ಆ ಒಂಬತ್ತು ಸೆಕೆಂಡು ಎಲ್ಲರ ಫೋನಿಗೂ ಹೋಯಿತು. ಗುರುತಿಲ್ಲದವರೆಲ್ಲ ಬಂದು ಚಂದಣ್ಣನ ಕೈಕುಲುಕಿದರು. “ಹಣ ಬಂದ ಮೇಲೆ ಅವನಿಗೆ ಕೊಬ್ಬು ಬಿಡಿ ಅಯ್ಯಾ, ನಿಮ್ಮಂಥವರನ್ನು ಅಳಿಸಿದ” ಎಂದರು. ಚಂದಣ್ಣ ಒಬ್ಬೊಬ್ಬರಿಗೂ, ಹಾಗಲ್ಲ, ನಾನು ಹೇಳಿದ್ದು ಹಾಗಲ್ಲ ಎಂದು ಬಿಡಿಸಿ ಹೇಳಿದ. ಅವರು ಅವನ ದೊಡ್ಡತನವನ್ನು ಮತ್ತಷ್ಟು ಹೊಗಳಿ ಹೋದರು. ಚಾನೆಲ್ಲಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಕದಿರವನ್‌ಗೆ ಮಾಡಲು ನಂಬರು ತೆಗೆದ. ಫೋನಿನ ಪರದೆಯ ಮೇಲೆ ಅವನ ಹೆಸರನ್ನೂ ‘ಡಿಕಾಕ್ಷನ್’ ಎಂದೇ ಹಾಕಿಕೊಂಡಿದ್ದ. ಅದನ್ನು ನೋಡಿ ಒತ್ತಲು ಮನಸ್ಸಾಗಲಿಲ್ಲ.

ಮೂರನೆಯ ದಿನ ಸ್ಟೂಲು ಹಾಕಿಕೊಂಡು ಸ್ಪೆಷಲ್ ಕಾಫಿಯ ಬೋರ್ಡನ್ನು ಇಳಿಸಹೊರಟ. ಶ್ರೀಶ ಓಡಿಬಂದ. ಬೇಡ ಎನ್ನಲು ಬಾಯಿ ತೆರೆದವನು ಚಂದಣ್ಣನ ಮುಖ ನೋಡಿ, ಅಲ್ಲಾಡುತ್ತಿದ್ದ ಸ್ಟೂಲನ್ನು ಗಟ್ಟಿಯಾಗಿ ಹಿಡಿದು ನಿಂತ. ಚಿಕ್ಕಂದಿನಲ್ಲಿ ಅದೇ ಹಾಲ್‌ನಲ್ಲಿ ಚಂದಣ್ಣನ ಹೆಗಲ ಮೇಲೆ ಕೂತು ಬೆಳೆದ ಹುಡುಗ, ಎಷ್ಟಾದರೂ ಒಳ್ಳೆಯವನೇ.

ತಂಡ ಊರಿಗೆ ಮರಳಿದ ವಾರ, ಚಂದಣ್ಣ ಮಣಲಿಗೆ ಹೊರಟ. ಕದಿರವನ್ ತಾಯಿಯ ಮನೆಯಲ್ಲಿದ್ದಾನೆಂದು ಕ್ಲಬ್ಬಿನವರಿಂದ ತಿಳಿದಿತ್ತು. ಟಿ. ನಗರದಿಂದ ಬ್ರಾಡ್‌ವೇ, ಅಲ್ಲಿಂದ ಇನ್ನೊಂದು ಬಸ್ಸು. ಟ್ಯಾಂಕರ್ ಲಾರಿಗಳ ನಡುವೆ ಬಸ್ಸು ತೆವಳಿತು. ಕಿಟಕಿಯಿಂದ ಎಣ್ಣೆಯ ಕಮಟು ಒಳಗೆ ಬಂತು. ಎರಡು ಗಂಟೆ ಹಿಡಿಯಿತು. ಇದೇ ದಾರಿಯಲ್ಲಿ ಆ ಹುಡುಗ ಕಿಟ್ ಹೊತ್ತುಕೊಂಡು ಬೆಳಿಗ್ಗೆ ಆರಕ್ಕೆಲ್ಲ ಮೈದಾನದಲ್ಲಿ ಇರುತ್ತಿದ್ದ. ಎಷ್ಟು ಗಂಟೆಗೆ ಏಳುತ್ತೀ ಎಂದು ಒಂದು ದಿನವೂ ಕೇಳಿರಲಿಲ್ಲವಲ್ಲ ಎಂದುಕೊಂಡ ಚಂದಣ್ಣ. ಹೆಸರಿಡುವ ಅವಸರದಲ್ಲಿ ಕೇಳಬೇಕಾದ್ದು ಎಷ್ಟೋ ಉಳಿದುಹೋಗಿತ್ತು.

ಹಳೆಯ ಗಲ್ಲಿಯಲ್ಲೇ ಹೊಸ ಮಹಡಿ ಮನೆ. ಬಾಗಿಲು ತೆರೆದವನು ಕದಿರವನ್ನೇ. ಚಂದಣ್ಣ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಒಟ್ಟಿಗೆ ನುಗ್ಗಿತು. “ನಾನು ಹಾಗೆ ಹೇಳ್ಲಿಲ್ಲಪ್ಪಾ, ಅವರು ಕತ್ತರಿಸಿದ್ದು, ನಾನು ಹೇಳಿದ್ದು…”

“ಒಂಬತ್ತು ಸೆಕೆಂಡು ಅಣ್ಣಾ!” ಎಂದು ಕದಿರವನ್ ನಕ್ಕುಬಿಟ್ಟ. “ನೀವು ಒಂಬತ್ತು ಸೆಕೆಂಡಿನಲ್ಲಿ ಮಾತು ಮುಗಿಸಿದ್ದನ್ನು ಈ ಊರಲ್ಲಿ ಯಾರಾದ್ರೂ ಕಂಡಿದ್ದಾರಾ? ಕತ್ತರಿಸಿದ್ದು ಅಂತ ನೋಡಿದ ಕೂಡಲೇ ಅಮ್ಮನಿಗೆ ಹೇಳಿದೆ. ಬನ್ನಿ ಒಳಗೆ.”

ಚಂದಣ್ಣನಿಗೆ ಹೊಸ್ತಿಲ ಮೇಲೆಯೇ ಅಳು ಬಂತು. ತನ್ನನ್ನು ಇಷ್ಟು ಚೆನ್ನಾಗಿ ಬಲ್ಲವನನ್ನು ತಾನು ಬಲ್ಲದ್ದು ಎಷ್ಟು ಕಡಿಮೆ. ಒಳಗೆ ಕೂತು, ನೀರು ಕುಡಿದು, ಅವನು ಸರಿಯಾಗಿ ಹೇಳಿದ: “ತಪ್ಪಾಯ್ತು ಕದಿರವಾ. ನಾನು ನಿನ್ನ ಮುಖ ನೋಡಿ ಹೆಸರಿಟ್ಟೆ. ಎಲ್ಲರೂ ನಕ್ಕರು, ನೀನೂ ನಕ್ಕೆ, ನಿನಗೂ ಇಷ್ಟ ಅಂದ್ಕೊಂಡೆ.”

“ಮೊದಲ ವಾರವೇ ನನ್ನ ಹೆಸರು ಹೇಳಿದ್ದೆ ಅಣ್ಣಾ, ಎರಡು ಸಲ. ಅದೆಲ್ಲ ಯಾರಿಗೆ ನೆನಪಿರ್ತದೆ, ಇದೇ ಚೆನ್ನಾಗಿದೆ ಅಂದಿರಿ.”

“ನನಗೆ ನೆನಪೇ ಇಲ್ಲ.”

“ನನಗಿದೆ” ಎಂದ ಕದಿರವನ್. ಸಿಟ್ಟಿನಿಂದ ಹೇಳಿದ್ದಲ್ಲ. “ನಗದಿದ್ರೆ ನೀವು ಎರಡನೇ ವಡೆ ಹಾಕೋದಿಲ್ಲ ಅಂತ ಹೆದರಿಕೆ ಅಣ್ಣಾ. ರಾತ್ರಿ ಉಂಡದ್ದು ಬಿಟ್ಟರೆ ಅದೇ ನನಗೆ ಮೊದಲ ತುತ್ತು. ಅದಕ್ಕೇ ನಕ್ಕೆ.”

“ಅಯ್ಯೋ, ನೀನು ಮುಖ ಗಂಟು ಹಾಕಿದ್ರೂ ಹಾಕ್ತಿದ್ದೆನಲ್ಲೋ!”

“ಹೌದು ಅಣ್ಣಾ. ಈಗ ಗೊತ್ತು. ಹದಿನೈದು ವರ್ಷದವನಿಗೆ ಹೇಗೆ ಗೊತ್ತಾಗ್ಬೇಕು?”

ಚಂದಣ್ಣ ತಾನು ಹಾಕಿದ ವಡೆಗಳಲ್ಲೆಲ್ಲ ಅದೇ ಅತ್ಯಂತ ಪ್ರೀತಿಯದ್ದು ಎಂದು ಇಷ್ಟು ವರ್ಷ ನಂಬಿದ್ದ. ಆ ವಡೆಗೆ ಹುಡುಗ ನಗುವಿನಲ್ಲಿ ಬೆಲೆ ತೆರುತ್ತಿದ್ದ ಎಂದು ತಿಳಿದಿರಲಿಲ್ಲ.

ಅಷ್ಟರಲ್ಲಿ ಕದಿರವನ್‌ನ ತಾಯಿ ಸೆಲ್ವಿ ಅಡುಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಗಂಡನ ಕೂಲಿ ಸಾಲದೆ ಶಾಲೆಯ ಬಿಸಿಯೂಟದ ಅಡುಗೆ ಮಾಡಿ ಮಗನನ್ನು ಸಾಕಿದ ಹೆಂಗಸು, ಬಣ್ಣದಲ್ಲಿ ಮಗ ಅವಳದೇ ಅಚ್ಚು. ಚಂದಣ್ಣ ಎದ್ದು ಕೈಮುಗಿದ. ಏನಾದರೂ ಮಾತಾಡಬೇಕಲ್ಲ ಎಂದು, ಮುಂದಿನ ವಾರ ಇಲ್ಲಿಯೇ ಮ್ಯಾಚು, ಬರುತ್ತೀರಲ್ಲ ಎಂದು ಕೇಳಿದ.

“ಒಂದೇ ಸಲ ಹೋಗಿದ್ದೆ ಅಯ್ಯಾ” ಎಂದಳು ಸೆಲ್ವಿ. “ಇವನು ಔಟ್ ಮಾಡಿದ. ಎಲ್ಲರೂ ಎದ್ದು ಏನೋ ಕೂಗಿದರು. ಯಾರನ್ನು ಕರೀತಿದ್ದಾರೆ ಅಂತ ಪಕ್ಕದವರನ್ನು ಕೇಳಿದೆ. ಅದೋ, ಆ ಕರಿಯ ಹುಡುಗನನ್ನು ಅಂದರು. ನಾನು ಅವನ ತಾಯಿ ಅಂತ ಹೇಳೋದಕ್ಕೆ ಬಾಯಿ ಬರಲಿಲ್ಲ. ಆಮೇಲೆ ಹೋಗಲಿಲ್ಲ. ಟಿವಿಯಲ್ಲೂ ಸದ್ದು ತೆಗೆದು ನೋಡ್ತೇನೆ.”

ಮಗನಿಗೂ ಅದು ಹೊಸ ಸುದ್ದಿ. ತಾಯಿಗೆ ಬಿಸಿಲು ಆಗುವುದಿಲ್ಲ, ಅದಕ್ಕೆ ಬರುವುದಿಲ್ಲ ಎಂದೇ ಅವನು ತಿಳಿದಿದ್ದ. ಹೊರಡುವಾಗ ಚಂದಣ್ಣ ಸೆಲ್ವಿಗೆ, “ನಾನು ಬರ್ತೇನಮ್ಮಾ, ನಾನೂ ಬೇಬಿಯೂ. ನೀವು ನಮ್ಮ ನಡುವೆ ಕೂರಿ. ಒಂದು ಸಲ ಬನ್ನಿ” ಎಂದ. ಅವಳು ಆಗಲಿ ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಬಂದಳು. ಸ್ಟೇಡಿಯಮ್ಮಿನಲ್ಲಿ ಆ ದಿನ ಕೆಲವರು ಕದಿರವನ್ ಹೆಸರು ಬರೆದ ಬಟ್ಟೆ ಹಿಡಿದಿದ್ದರು, ಕೆಲವರು ಹಟಕ್ಕೆ ಬಿದ್ದು ಕಾಫಿ ಲೋಟವನ್ನೇ ತಂದಿದ್ದರು. ಮೂರನೆಯ ಓವರಿನಲ್ಲಿ ವಿಕೆಟ್ ಬಿತ್ತು. ಅವರ ಹಿಂದಿನ ಸಾಲಿನಲ್ಲಿ ಏಳೆಂಟು ಹುಡುಗರು ಎದ್ದು ಕೈ ಮೇಲೆ ಕೆಳಗೆ ಮಾಡಿ ಆ ಹೆಸರನ್ನೇ ಕೂಗತೊಡಗಿದರು. ಸೆಲ್ವಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡಿದಳು. ಬೇಬಿ ಅವಳ ಕೈ ಹಿಡಿದುಕೊಂಡಳು.

ಚಂದಣ್ಣ ಎದ್ದು ಹಿಂದಕ್ಕೆ ತಿರುಗಿ, “ಆ ಹೆಸರು ಇಟ್ಟವ ನಾನೇ ಮಕ್ಕಳೇ, ಬಣ್ಣ ನೋಡಿ ಇಟ್ಟದ್ದು, ತಪ್ಪು. ಅವನ ಹೆಸರು ಕದಿರವನ್” ಎಂದ. ಹುಡುಗರ ಕೈಗಳು ಅರ್ಧದಲ್ಲೇ ನಿಂತಾಗ ಸೆಲ್ವಿ ತಲೆಯೆತ್ತಿ, “ನಾನು ಅವನ ತಾಯಿ” ಎಂದಳು.